ಒಂದು ಹೊತ್ತಿಗೆ ನೂರ ಇಪ್ಪತ್ತೆಂಟು ಗ್ರಾಂ

ಫೆಬ್ರವರಿ 1, ಶನಿವಾರ

ನನ್ನ ತಮ್ಮ ಮಾಧವನ ನಾಯಿ ಬೆಳಗ್ಗೆ ಹನ್ನೊಂದಕ್ಕೆ ಬಂತು. ಕೋಣನಕುಂಟೆಯಿಂದ ಅವನ ಮನೆ ಓನರ್ ಸೊಣ್ಣಮ್ಮನೇ ಆಟೋದಲ್ಲಿ ಕರೆತಂದರು. ಮಾಧವ ತೀರಿಹೋಗಿ ಇವತ್ತಿಗೆ ಹದಿನಾರು ದಿನ. ಅಲ್ಲಿಂದ ಇಲ್ಲೀತನಕ ಅದು ಅವರ ಮನೆಯಲ್ಲೇ ಇತ್ತು. "ಮಗಳು ಬಾಣಂತನಕ್ಕೆ ಬರ್ತಾವ್ಳೆ ಕಣಮ್ಮ, ಇಲ್ದಿದ್ರೆ ನಾನೇ ಇಟ್ಕೊತಿದ್ದೆ" ಅಂದರು. ಕೈಲಿ ಒಂದು ಚೀಲ: ಸ್ಟೀಲ್ ಬಟ್ಟಲು, ಚೈನು, ಲಸಿಕೆ ಪುಸ್ತಕ, ಅರ್ಧ ಖಾಲಿಯಾದ ನಾಯಿ ಆಹಾರದ ಪೊಟ್ಟಣ. ಕಾಫಿ ಕುಡಿಯದೆ ಹೊರಟುಬಿಟ್ಟರು.

ಹೆಸರು ಶಾನುಭೋಗ. ಬೀದಿ ನಾಯಿ. ಕಂದು ಮೈ, ಹುಬ್ಬಿನ ಮೇಲೆ ಎರಡು ಬಿಳಿ ಮಚ್ಚೆ. ಕನ್ನಡಕವನ್ನು ಹಣೆಗೇರಿಸಿಕೊಂಡು ಲೆಕ್ಕ ಕೇಳೋ ಹಾಗೆ ನೋಡುತ್ತೆ, ಅದಕ್ಕೇ ಆ ಹೆಸರು ಇಟ್ಟೆ ಅಂತ ಮಾಧವ ಒಮ್ಮೆ ಹೇಳಿದ್ದ.

ಪೊಟ್ಟಣದ ಹಿಂದೆ ಇರೋ ಅಳತೆ ಅಂದಾಜಿನದು. ಹತ್ತರಿಂದ ಇಪ್ಪತ್ತು ಕೆಜಿ ನಾಯಿಗೆ ನೂರೈವತ್ತರಿಂದ ಮುನ್ನೂರು ಗ್ರಾಂ ಅಂತೆ. ಇದೊಂದು ಅಳತೆಯೇ? ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಡಯಟೀಷಿಯನ್ ಆಗಿದ್ದವಳು ನಾನು. ಸಕ್ಕರೆ ಕಾಯಿಲೆಯವರಿಗೆ ಅನ್ನದ ಅಗುಳು ಎಣಿಸಿ ಕೊಟ್ಟವಳು ಅಂತ ನಮ್ಮ ಯಜಮಾನರು, ಇವರು, ಈಗಲೂ ಗೇಲಿ ಮಾಡ್ತಾರೆ. ಅಡುಗೆಮನೆ ತಕ್ಕಡಿಯಲ್ಲಿ 110 ಗ್ರಾಂ ತೂಗಿ ಬಟ್ಟಲಿಗೆ ಹಾಕಿದೆ.

ಮುಟ್ಟಲಿಲ್ಲ. ಬಟ್ಟಲಿನ ಮುಂದೆ ನೆಟ್ಟಗೆ ಕೂತು ನನ್ನ ಮುಖವನ್ನೇ ನೋಡಿತು. ಹೊಸ ಜಾಗ, ಅದಕ್ಕಿರಬಹುದು.

ಫೆಬ್ರವರಿ 3, ಸೋಮವಾರ

ನಿನ್ನೆ ಬೆಳಗ್ಗೆ 0. ನಿನ್ನೆ ಸಂಜೆ 22 ಗ್ರಾಂ. ಇವತ್ತು ಬೆಳಗ್ಗೆ 0. ಸಂಜೆ 31.

ಸಂಜೆಯದ್ದು ತಿನ್ನೋದು ಇವರು ಊಟಕ್ಕೆ ಕೂತಾಗ. ಡೈನಿಂಗ್ ಟೇಬಲ್ ಕೆಳಗೆ ಬಟ್ಟಲು ಇಟ್ಟರೆ ನಾಲ್ಕು ಬಾಯಿ ತಿನ್ನುತ್ತೆ. "ನನ್ನ ಕಂಡ್ರೆ ಅದಕ್ಕೆ ಪ್ರೀತಿ" ಅಂದರು ಇವರು. ಇರಬಹುದು. ಇವರಿಗೆ ಅದರ ಋಣವೂ ಇಲ್ಲ, ಭಯವೂ ಇಲ್ಲ.

"ನೀನೂ ಕೂತ್ಕೋ ಸತ್ಯಾ, ಸಾರು ಆರ್ತಿದೆ" ಅಂದರು. ಆಮೇಲೆ ತಿಂತೀನಿ ಅಂದೆ. ಉಳಿದದ್ದನ್ನು ತೂಗಬೇಕಿತ್ತು.

ಫೆಬ್ರವರಿ 6, ಗುರುವಾರ

ಸೊಣ್ಣಮ್ಮನಿಗೆ ಫೋನ್ ಮಾಡಿದೆ. "ನಮ್ಮನೇಲಿ ಚೆನ್ನಾಗೇ ತಿಂತಿತ್ತಲ್ಲಮ್ಮ, ಮುದ್ದೆ ಹಾಕಿದ್ರೂ ತಿಂತಿತ್ತು" ಅಂದರು.

ಹಾಗಾದರೆ ನಾನು ಹಾಕಿದ್ದನ್ನು ಮಾತ್ರ ತಿನ್ನೋದಿಲ್ಲ.

ಬರೆಯಬಾರದು ಅಂದುಕೊಂಡಿದ್ದೆ, ಬರೀತೀನಿ. ಮಾಧವ ಹೋದದ್ದು ಗುರುವಾರ. ಬಾಗಿಲು ಒಡೆದದ್ದು ಶನಿವಾರ ಮಧ್ಯಾಹ್ನ. ಎದೆನೋವು, ತಕ್ಷಣ ಹೋಗಿದೆ ಅಂದರು ಡಾಕ್ಟರು. ಎರಡು ದಿನ ನಾಯಿ ಅವನ ಜೊತೆ ಒಳಗೇ ಇತ್ತು. ನಾನು ಹೋದಾಗ ಅಡುಗೆಮನೆ ಹೊಸ್ತಿಲ ಹತ್ತಿರ ಈ ಸ್ಟೀಲ್ ಬಟ್ಟಲು ಇತ್ತು. ತುಂಬಿತ್ತು. ಅಂಚಿನ ತನಕ, ಒಂದು ಕಾಳೂ ಕದಲದ ಹಾಗೆ. ಅವನನ್ನು ನೋಡೋ ಮುಂಚೆ ನಾನು ನೋಡಿದ್ದು ಅದನ್ನು. ಕಣ್ಣು ಮುಚ್ಚಿದರೆ ಈಗಲೂ ಮೊದಲು ಬರೋದು ಬಟ್ಟಲೇ, ಅವನ ಮುಖ ಅಲ್ಲ.

ಎರಡು ದಿನ ಹಸಿದ ಪ್ರಾಣಿ, ಮೂತಿ ಚಾಚಿದರೆ ಸಿಗುವ ಅನ್ನ. ಯಾಕೆ ತಿನ್ನಲಿಲ್ಲ?

ಫೆಬ್ರವರಿ 8, ಶನಿವಾರ

ಮೂರನೇ ಬ್ಲಾಕಿನ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಡಾ. ಶ್ವೇತ. ಚಿಕ್ಕ ವಯಸ್ಸು, ಒಳ್ಳೆ ಹುಡುಗಿ. ತೂಕದ ಮಷೀನ್ ಮೇಲೆ ಶಾನು ನಿಲ್ಲಲೇ ಇಲ್ಲ. "ನೀವು ಎತ್ಕೊಂಡು ನಿಂತ್ಕೊಳ್ಳಿ ಮೇಡಂ, ಆಮೇಲೆ ಕಳೆಯೋಣ" ಅಂದರು. ಇಬ್ಬರೂ ಸೇರಿ 67.2. ನಾನು ಒಬ್ಬಳೇ 51.6. ನಾಯಿ 15.6. ಲಸಿಕೆ ಪುಸ್ತಕದಲ್ಲಿ ಜನವರಿ 10ಕ್ಕೆ 18 ಅಂತ ಇದೆ, ಪಕ್ಕದಲ್ಲಿ ಬೇರೆ ಯಾವುದೋ ಡಾಕ್ಟರು 'ಬೊಜ್ಜು, ಆಹಾರ ಕಡಿಮೆ ಮಾಡಿ' ಅಂತ ಬರೆದಿದ್ದಾರೆ.

ಡಿಸೆಂಬರಿನಲ್ಲಿ ನಾನು 58 ಇದ್ದೆ. ಡಾಕ್ಟರ ಮಷೀನ್ ಸರಿಯಿಲ್ಲ. ಆದರೆ ಕಳೆಯುವಾಗ ಎರಡರಲ್ಲೂ ಅದೇ ತಪ್ಪು ಇರೋದರಿಂದ ನಾಯಿ ತೂಕ ಸರಿಯಾಗೇ ಬರುತ್ತೆ.

ರಕ್ತ ಪರೀಕ್ಷೆ ಎಲ್ಲಾ ಚೆನ್ನಾಗಿದೆ. ಇದರ ಎತ್ತರಕ್ಕೆ 16 ಕೆಜಿ ಸರಿ, ಅದಕ್ಕೇ ಲೆಕ್ಕ ಹಾಕಿ ಅಂದರು. ಸೂತ್ರವನ್ನೂ ಬರೆದುಕೊಟ್ಟರು. ಮನೆಗೆ ಬಂದು ಇವರಿಗೆ ತೋರಿಸಿದೆ. ಪಿಯು ಮಕ್ಕಳಿಗೆ ಗಣಿತ ಪಾಠ ಮಾಡಿದವರು, ಖುಷಿಯಾಗಿಬಿಟ್ಟರು. "ಹದಿನಾರರ ವರ್ಗಮೂಲ ನಾಲ್ಕು, ಅದರ ವರ್ಗಮೂಲ ಎರಡು, ಎರಡರ ಘನ ಎಂಟು. ಎಂಟನ್ನ ಎಪ್ಪತ್ತರಿಂದ ಗುಣಿಸು. ಐನೂರ ಅರವತ್ತು. ಎಷ್ಟು ಚೆಂದ ನೋಡು." ಸುಮ್ಮನೆ ಮಲಗಿರೋ ನಾಯಿಗೆ ಅಷ್ಟು ಕ್ಯಾಲೊರಿ ಬೇಕು. ಓಡಾಡೋ ಮನೆ ನಾಯಿಗೆ ಅದರ ಒಂದೂವರೆ ಪಟ್ಟಿಗಿಂತ ಚೂರು ಜಾಸ್ತಿ, 896. ಪೊಟ್ಟಣದ ಲೆಕ್ಕದಲ್ಲಿ ದಿನಕ್ಕೆ 256 ಗ್ರಾಂ.

ಒಂದು ಹೊತ್ತಿಗೆ 128.

ನಿಖರವಾದ ಸಂಖ್ಯೆ ಸಿಕ್ಕಿತು ಅಂತ ಸಮಾಧಾನವಾಯ್ತು. 128 ಹಾಕಿದೆ. 26 ತಿಂತು, ಅದೂ ಇವರ ಕಾಲ ಹತ್ತಿರ.

ಫೆಬ್ರವರಿ 11, ಮಂಗಳವಾರ

ಸಂಜೆ ಐದರ ಹೊತ್ತಿಗೆ ಮಲಗಿದ್ದದ್ದು ದಡಕ್ಕನೆ ಎದ್ದಿತು. ಮೆಟ್ಟಿಲ ಕೆಳಗಿನ ಕಿಟಕಿ ಹತ್ತಿರ ಹೋಗಿ, ಮುಂಗಾಲು ಗೋಡೆಗೆ ಕೊಟ್ಟು ನಿಂತು ಮೇಲೆ ನೋಡಿತು. ಬಾಲ ಆಡ್ತಾ ಇತ್ತು. ಬಂದಾಗಿನಿಂದ ಅದು ಬಾಲ ಆಡಿಸಿದ್ದೇ ಇಲ್ಲ.

ಅಲ್ಲಿ ಏನೂ ಇರಲಿಲ್ಲ.

ನಿನ್ನೆಯೂ ಅದೇ ಹೊತ್ತಿಗೆ ಎದ್ದು ಹೋಗಿ ಮೇಲೆ ನೋಡಿತ್ತು.

ಫೆಬ್ರವರಿ 13, ಗುರುವಾರ

ಐದಕ್ಕೆ ಮುಂಚೆಯೇ ಆ ಕಿಟಕಿ ಕೆಳಗೆ ಅದರ ಪಕ್ಕ ನೆಲದ ಮೇಲೆ ಕೂತೆ. ಮನೆಯಲ್ಲಿ ನಾವಿಬ್ಬರೇ. ಶಾನುವಿನ ಕಿವಿ ನೆಟ್ಟಗಾಯ್ತು. ಮೊದಲು ನನಗೆ ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು.

ಮಾಧವನ ಧ್ವನಿ. ದೂರದಿಂದ, ಬಾವಿಯೊಳಗಿಂದ ಬಂದ ಹಾಗೆ. "ಹಸಿವು... ಅಯ್ಯೋ ಹೊಟ್ಟೆ ಹಸೀತಿದೆ."

ನಾಯಿ ಕುಂಯ್‌ಗುಡುತ್ತಾ ಗೋಡೆ ಕೆರೀತಿತ್ತು. ನನ್ನ ಭ್ರಮೆ ಅಂದುಕೊಳ್ಳೋಣ ಅಂದರೆ ಅದಕ್ಕೂ ಕೇಳಿಸಿದೆ.

ಇವರಿಗೆ ಹೇಳಲಿಲ್ಲ. ಏನಂತ ಹೇಳಲಿ? ಸತ್ತ ತಮ್ಮ ಬಂದು ಊಟ ಕೇಳ್ತಿದಾನೆ ಅಂತಲೇ?

ರಾತ್ರಿ ಅನ್ನ ಕಲಸಿದೆ, ಹಾಗೇ ಮುಚ್ಚಿಟ್ಟೆ. ಅವನು ಹಸಿದಿರುವಾಗ ನಾನು ಹೇಗೆ.

ಫೆಬ್ರವರಿ 14, ಶುಕ್ರವಾರ

ಮತ್ತೆ ಕೇಳಿಸಿತು. ಇವತ್ತು ನಕ್ಕ ಕೂಡ. ನಾನು ಮೆಟ್ಟಿಲು ಹತ್ತಿ ಮೇಲಿನ ಬಾಡಿಗೆ ಮನೆ ಬಾಗಿಲು ಬಡಿದೆ. ಪ್ರಕೃತಿ ತೆಗೆದಳು. ಅವಳ ನಾಲ್ಕು ವರ್ಷದ ಮಗಳು ಇಂಚರ ಟಿವಿ ಮುಂದೆ ಕೂತಿದ್ದಳು. ಟಿವಿಯಲ್ಲಿ ಒಂದು ಕರಡಿ ಮರದ ಕೆಳಗೆ ಹೊಟ್ಟೆ ಹಿಡಿದುಕೊಂಡು ಹೊರಳಾಡ್ತಿತ್ತು. ಹಸಿವು, ಹಸಿವು ಅಂತ. ಮಾಧವನ ಧ್ವನಿಯಲ್ಲಿ.

ಅವನು ಡಬ್ಬಿಂಗ್ ಮಾಡೋನು. ಮಕ್ಕಳ ಕಾರ್ಟೂನಿಗೆ ಕನ್ನಡದಲ್ಲಿ ಮಾತು ಕೊಡೋನು. ಕರಡಿ, ಕಳ್ಳ, ಮಂತ್ರವಾದಿ ಎಲ್ಲಾ ಅವನೇ. ನಾನು ಒಂದು ದಿನವೂ ಹಾಕಿ ನೋಡಿರಲಿಲ್ಲ. ಅದೊಂದು ಕೆಲಸವಾ ಅಂತಿದ್ದೆ.

"ಸೌಂಡ್ ಜಾಸ್ತಿ ಆಯ್ತಾ ಆಂಟಿ? ಸಾರಿ, ಕಮ್ಮಿ ಮಾಡ್ತೀನಿ" ಅಂದಳು ಪ್ರಕೃತಿ.

"ಬೇಡ, ಇರಲಿ" ಅಂದೆ.

"ಆ ಕರಡಿಗೆ ಯಾವಾಗ್ಲೂ ಹಸಿವು" ಅಂದಳು ಇಂಚರ, ನನ್ನ ಕಡೆ ತಿರುಗದೆ.

ಭೂತ ಅಲ್ಲ, ಟಿವಿ. ಗೊತ್ತಾದ ಮೇಲೆ ಹೆದರಿಕೆ ಕಮ್ಮಿಯಾಗಬೇಕಿತ್ತು.

ಫೆಬ್ರವರಿ 16, ಭಾನುವಾರ

ತಿಂಗಳಾಯ್ತು. ಇವರು ನಿನ್ನೆ ಮೈಸೂರಿಗೆ ಹೋದರು, ಅವರ ಅಣ್ಣನಿಗೆ ಕಣ್ಣಿನ ಆಪರೇಷನ್. ಒಂದು ವಾರ ಬರೋದಿಲ್ಲ. ನಿನ್ನೆಯಿಂದ ನಾಯಿ ಸಂಜೆಯದ್ದೂ ಮುಟ್ಟಿಲ್ಲ.

ಯಾರೂ ಓದದ ಪುಸ್ತಕ ಇದು. ಇಲ್ಲಾದರೂ ಬರೀತೀನಿ.

ಡಿಸೆಂಬರಿನಲ್ಲಿ ಅಮ್ಮನ ತಿಥಿ. ಪ್ರತಿ ವರ್ಷ ನಮ್ಮ ಮನೆಯಲ್ಲೇ ಮಾಧವ ಮಾಡ್ತಿದ್ದ. ಹಿಂದಿನ ದಿನ ಫೋನ್ ಮಾಡಿ, ಶಾನುಗೆ ಹುಷಾರಿಲ್ಲ, ಒಂಟಿ ಬಿಟ್ಟು ಬರಕ್ಕಾಗಲ್ಲ, ಕರ್ಕೊಂಡು ಬಂದು ಹಿತ್ತಲಲ್ಲಿ ಕಟ್ತೀನಿ ಅಂದ. ತಿಥಿ ದಿನ ಮನೆಗೆ ನಾಯಿಯಾ ಅಂತ ರೇಗಿದೆ. "ನಾಯಿ ಜೊತೆ ಬರೋದಾದ್ರೆ ನೀನೂ ಬರಬೇಡ" ಅಂದೆ. ಅವನು ಬರಲಿಲ್ಲ. ಪುರೋಹಿತರು ಹನ್ನೊಂದೂವರೆವರೆಗೆ ಕಾದು ಎದ್ದು ಹೋದರು. ಮಾಡಿದ ವಡೆ, ಪಾಯಸ ಎಲ್ಲಾ ಹಾಗೇ ಉಳಿಯಿತು. ಆವತ್ತಿನಿಂದ ನಾನು ಅವನ ಹತ್ತಿರ ಮಾತು ಬಿಟ್ಟೆ.

ಜನವರಿ 16ರ ಸಂಜೆ ಅವನು ಮೂರು ಸಲ ಫೋನ್ ಮಾಡಿದ. 8.05. 8.07. 8.15. ನಾನು ಚಪಾತಿ ಲಟ್ಟಿಸ್ತಿದ್ದೆ. ಹೆಸರು ನೋಡಿದೆ. ಫೋನನ್ನು ಮಗುಚಿ ಇಟ್ಟೆ. ಇನ್ನೂ ಸ್ವಲ್ಪ ದಿನ ಒದ್ದಾಡಲಿ ಅಂತ.

ಎದೆ ಹಿಡಿದುಕೊಂಡು ನನ್ನನ್ನೇ ಕರೆದನೇ? ಮೂರು ಸಲ?

ಈ ನಾಯಿ ಅವನ ಪಕ್ಕದಲ್ಲಿ ಇತ್ತು. ಅದು ನೋಡಿದೆ. ಬಟ್ಟಲ ಮುಂದೆ ಕೂತು ನನ್ನ ಮುಖ ನೋಡೋದು ಅದಕ್ಕೇ. ಇಂಥವಳ ಕೈಯಿಂದ ಯಾರಾದರೂ ಹೇಗೆ ತಿಂತಾರೆ?

ಫೆಬ್ರವರಿ 18, ಮಂಗಳವಾರ

0. 0.

ಕಾಫಿ ಎರಡು ಸಲ.

ಫೆಬ್ರವರಿ 19, ಬುಧವಾರ

ಬೆಳಗ್ಗೆ ನಿಂತಲ್ಲೇ ಹಿಂಗಾಲು ಕುಸಿದು ಕೂತುಬಿಟ್ಟಿತು. ಡಾ. ಶ್ವೇತ ಹತ್ತಿರ ಓಡಿದೆ. ಇಬ್ಬರೂ ಸೇರಿ 63.7. ನಾನು 49.5. ನಾಯಿ 14.2.

ಡಾಕ್ಟರು ಆ ಮೂರು ಸಂಖ್ಯೆಗಳನ್ನು ನೋಡ್ತಾ ಇದ್ದರು. "ಮೇಡಂ, ನೀವು ಊಟ ಮಾಡ್ತಿದೀರಾ?"

"ನನ್ನ ವಿಷಯ ಬಿಡಿ, ಅದನ್ನ ನೋಡಿ" ಅಂದೆ. ನಾಯಿ ಡಾಕ್ಟರಿಗೆ ಮನುಷ್ಯರ ಚಿಂತೆ ಯಾಕೋ.

ಡ್ರಿಪ್ ಹಾಕಿದರು. "ಕಾಯಿಲೆ ಇಲ್ಲ ಮೇಡಂ ಇದಕ್ಕೆ. ಹಳೇ ಮನೇಲಿ ಹೇಗೆ ತಿಂತಿತ್ತು ಅಂತ ಸರಿಯಾಗಿ ವಿಚಾರಿಸ್ಕೊಂಡು ಬನ್ನಿ. ಎಷ್ಟು ಅಂತಲ್ಲ, ಹೇಗೆ ಅಂತ. ನಾಳಿದ್ದರೊಳಗೆ ತಿನ್ನದೇ ಇದ್ರೆ ಅಡ್ಮಿಟ್ ಮಾಡ್ಕೋತೀವಿ, ಮೂಗಿಗೆ ಟ್ಯೂಬ್ ಹಾಕ್ಬೇಕಾಗುತ್ತೆ."

ಮೂವತ್ತೊಂದು ವರ್ಷ ನಾನು ಎಷ್ಟು ಅಂತಷ್ಟೇ ಬರೆದೆ.

ಫೆಬ್ರವರಿ 20, ಗುರುವಾರ

ಶಾನುವನ್ನು ಪ್ರಕೃತಿ ಹತ್ತಿರ ಬಿಟ್ಟು ಮೆಟ್ರೋದಲ್ಲಿ ಕೋಣನಕುಂಟೆ ಕ್ರಾಸಿಗೆ ಹೋದೆ. ಬಾಗಿಲು ಒಡೆದ ದಿನದ ನಂತರ ಆ ಕಡೆ ಹೋಗಿರಲಿಲ್ಲ. ಸೊಣ್ಣಮ್ಮ ಜಗಲಿಯಲ್ಲಿ ಅವರೆಕಾಯಿ ಸುಲೀತಿದ್ದರು. ನನ್ನ ನೋಡಿ, "ಇದೇನಮ್ಮ ಇಂಗೆ ಇಳಿದೋಗಿದೀರ!" ಅಂದರು. ಬಿಸಿಲಲ್ಲಿ ಬಂದೆನಲ್ಲ, ಹಾಗೆ ಕಂಡಿರಬೇಕು.

ನಾಯಿ ಹೇಗೆ ತಿಂತಿತ್ತು ಅಂತ ಕೇಳಿದೆ.

"ಹೆಂಗೆ ಅಂದ್ರೆ? ನಾವು ಉಣ್ಣುವಾಗ ಅದೂ ಉಣ್ತಿತ್ತು. ಅದು ಒಂಟಿ ಉಣ್ಣಾಕಿಲ್ಲ ಕಣಮ್ಮ. ನಿಮ್ ತಮ್ಮ ಅಭ್ಯಾಸ ಮಾಡ್ಬಿಟ್ಟಿದ್ದ. ಮೊದ್ಲು ಅದರ ಬಟ್ಲು ತುಂಬೋನು, ಆಮೇಲೆ ತನ್ನ ತಟ್ಟೆ ತಗೊಂಡು ಪಕ್ಕದಲ್ಲಿ ನೆಲಕ್ಕೇ ಕುಂತ್ಕೊಳೋನು. ಅವನು ಮೊದಲ ತುತ್ತು ಬಾಯಿಗಿಡೋಗಂಟ ಅದು ಮೂತಿ ಇಕ್ತಾನೇ ಇರ್ಲಿಲ್ಲ. ಒಳ್ಳೆ ಮದುವೆ ಪಂಕ್ತೀಲಿ ಕುಂತಂಗೆ ಕುಂತಿರೋದು."

"ಆವತ್ತು ಬಟ್ಟಲು ತುಂಬಿತ್ತು" ಅಂದೆ.

"ತಟ್ಟೇನೂ ತುಂಬಿತ್ತು. ಇರುವೆ ಮುತ್ಕೊಂಡಿತ್ತು, ನೀವು ಬರೋ ಮುಂಚೆ ನಾನೇ ತೆಗೆದೆ." ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಉಣ್ಣಾಕೆ ಅಂತ ಕುಂತಿದ್ದ ಅಷ್ಟೇ. ತುತ್ತು ಎತ್ತಿಲ್ಲ."

ಅಂದರೆ ಅದು ಕಾಯ್ತಾ ಇತ್ತು. ಎರಡು ದಿನ, ತುಂಬಿದ ಬಟ್ಟಲ ಮುಂದೆ, ಅವನು ತುತ್ತು ಎತ್ತಲಿ ಅಂತ.

ಕೇಳಬಾರದು ಅಂದುಕೊಂಡಿದ್ದನ್ನೂ ಕೇಳಿದೆ. ಆವತ್ತು ಸಂಜೆ ಎಂಟರ ಹೊತ್ತಿಗೆ ಅವನಿಗೆ ಹುಷಾರು ತಪ್ಪಿತ್ತಾ?

"ಎಂಟಕ್ಕಾ? ಎಂಟಕ್ಕೆ ಇಲ್ಲೇ ಇದೇ ಜಗಲಿ ಮ್ಯಾಲೆ ಕುಂತಿದ್ನಲ್ಲಮ್ಮ. ಚೆನ್ನಾಗಿದ್ದ. ನಿಮಗೇ ಫೋನ್ ಮಾಡ್ತಿದ್ದ. ಡಾಕ್ಟ್ರು ನಾಯಿಗೆ ಬೊಜ್ಜು ಬಂದದೆ ಅಂದವ್ರಂತೆ, ಎಷ್ಟು ಇಕ್ಕಬೇಕು ಅಂತ ಅಕ್ಕನ್ನ ಕೇಳ್ತೀನಿ, ಅವಳು ಇಡೀ ಆಸ್ಪತ್ರೆಗೇ ಅಳತೆ ಹಾಕ್ದೋಳು ಅಂದ. ನೀವು ಎತ್ತಲಿಲ್ಲ. 'ಕೋಪ ಇನ್ನೂ ಇಳಿದಿಲ್ಲ ಸೊಣ್ಣಮ್ಮ, ನಾಯಿ ನೆಪದಲ್ಲಿ ಮಾತಾಡ್ಸೋಣ ಅಂದ್ಕಂಡೆ, ನಾಳೆ ಮತ್ತೆ ನೋಡ್ತೀನಿ' ಅಂತ ನಗ್ತಾ ಎದ್ದೋದ. ಒಂಬತ್ತಕ್ಕೆ ಗೇಟಿಗೆ ಬೀಗ ಹಾಕಿದ್ದೂ ಅವನೇ."

ಅವನು ಪ್ರಾಣಸಂಕಟದಲ್ಲಿ ಕರೆದದ್ದಲ್ಲ. ನಾಯಿಗೆ ಎಷ್ಟು ಹಾಕಬೇಕು ಅಂತ ಕೇಳೋಕೆ ಕರೆದದ್ದು. ನಾನು ಫೋನ್ ಎತ್ತಿದ್ದರೂ ಅವನು ಹೋಗ್ತಿದ್ದ. ಆದರೆ ನನ್ನ ಹತ್ತಿರ ಮಾತಾಡಿ ಹೋಗ್ತಿದ್ದ.

ಸೊಣ್ಣಮ್ಮ ತುಂಬಾ ಹೊತ್ತು ಬೆನ್ನು ಸವರಿದರು. ಬಾಯಿಬಿಟ್ಟು ಅತ್ತೆ. ತಮ್ಮ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ವಾಪಸ್ಸು ಬರ್ತಾ ಮೆಟ್ರೋದಲ್ಲಿ ಅವನ ನಂಬರಿಗೆ ಮೆಸೇಜ್ ಹಾಕಿದೆ. 'ಹೊತ್ತಿಗೆ 128 ಗ್ರಾಂ. ದಿನಕ್ಕೆ ಎರಡು ಹೊತ್ತು. ಬೊಜ್ಜು ತಾನಾಗೇ ಇಳಿಯುತ್ತೆ.' ಒಂದೇ ಟಿಕ್ ಬಂತು. ಅವನ ಫೋನ್ ನಮ್ಮ ಬೀರುವಿನಲ್ಲೇ ಇದೆ, ಆಫ್ ಆಗಿ.

ಸಂಜೆ 128 ತೂಗಿ ಹಾಕಿದೆ. ಅನ್ನ, ತಿಳಿಸಾರು ತಟ್ಟೆಗೆ ಬಡಿಸಿಕೊಂಡು ಅಡುಗೆಮನೆ ನೆಲದ ಮೇಲೆ ಅದರ ಪಕ್ಕ ಕೂತೆ. ಅದು ನನ್ನ ಮುಖ ನೋಡಿತು. ಮೊದಲ ತುತ್ತು ಬಾಯಿಗಿಟ್ಟೆ.

ತಿಂತು. 128ಕ್ಕೆ 90. ನಾನು ತುತ್ತು ನಿಲ್ಲಿಸಿದಾಗಲೆಲ್ಲ ಅದೂ ನಿಲ್ಲಿಸಿತು. ಅದಕ್ಕೋಸ್ಕರ ಇನ್ನೊಂದು ಸಲ ಬಡಿಸಿಕೊಂಡೆ.

ಫೆಬ್ರವರಿ 21, ಶುಕ್ರವಾರ

ಬೆಳಗ್ಗೆ 104 (ನನ್ನದು ಉಪ್ಪಿಟ್ಟು). ಸಂಜೆ 128, ಪೂರ್ತಿ (ನನ್ನದು ಅನ್ನ, ಹುಳಿ, ಮಜ್ಜಿಗೆ). ಟ್ಯೂಬ್ ಬೇಡ ಅಂದರು ಡಾ. ಶ್ವೇತ.

ಫೆಬ್ರವರಿ 24, ಸೋಮವಾರ

ಇವರು ನಿನ್ನೆ ಬಂದರು. ನಾನು ನೆಲದ ಮೇಲೆ ನಾಯಿ ಪಕ್ಕ ಕೂತು ದೋಸೆ ತಿನ್ನೋದನ್ನು ಬಾಗಿಲಲ್ಲೇ ನಿಂತು ನೋಡಿದರು. ತಾವೂ ತಟ್ಟೆ ತಗೊಂಡು ಮಂಡಿ ಹಿಡಿದುಕೊಂಡು ನಿಧಾನಕ್ಕೆ ಕೂತರು. ಅವರ ಮಂಡಿಗೆ ಇದೆಲ್ಲಾ ಆಗೋದಿಲ್ಲ. ಏಳೋಕೆ ನಾನೇ ಕೈ ಕೊಡಬೇಕಾಯ್ತು.

ಎಲ್ಲಾ ಹೇಳಿದೆ. ಮೂರು ಫೋನಿನ ವಿಷಯವನ್ನೂ. "ಆವತ್ತು ನೀನು ಫೋನ್ ಮಗುಚಿ ಇಟ್ಟಿದ್ದನ್ನ ನಾನು ನೋಡಿದ್ದೆ ಸತ್ಯಾ" ಅಂದರು. "ಎತ್ತು ಅಂತ ನಾನಾದ್ರೂ ಹೇಳಬಹುದಿತ್ತು." ಇವರೂ ಒಂದು ತಿಂಗಳಿಂದ ಅದನ್ನೇ ಹೊತ್ತುಕೊಂಡು ಓಡಾಡ್ತಿದ್ದರಾ? ಒಂದೇ ಮನೆಯಲ್ಲಿದ್ದು ನನಗೆ ಗೊತ್ತಾಗಲಿಲ್ಲ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಒಂದು ಸಲವೂ ತಪ್ಪಿಸದ ಉಪವಾಸ. ಬೆಳಗ್ಗೆ ಎಂಟಕ್ಕೆ ಶಾನು ಬಟ್ಟಲ ಮುಂದೆ ಕೂತು ಕಾಯ್ತು. ದೇವರ ಮನೆ ಕಡೆ ನೋಡಿದೆ, ಅದರ ಕಡೆ ನೋಡಿದೆ. ಇವರು ತಿನ್ನಲಿ ಬಿಡು ಅಂದುಕೊಂಡರೆ ಅವರು ಇನ್ನೂ ಸ್ನಾನದಲ್ಲಿದ್ದರು.

ಎರಡು ಅಕ್ಕಿರೊಟ್ಟಿ ತಿಂದೆ. ಶಿವ ಏನೂ ಅಂದುಕೊಂಡಿರಲಿಕ್ಕಿಲ್ಲ.

ಬಳೆ ಮೊಣಕೈಗೆ ಜಾರ್ತಿತ್ತು, ಈಗ ಅಷ್ಟು ಜಾರ್ತಿಲ್ಲ. ಬಳೆ ಯಾವಾಗ ಸಡಿಲವಾಯ್ತೋ ಗೊತ್ತಿಲ್ಲ.

ಮಾರ್ಚ್ 2, ಭಾನುವಾರ

ಮಾಧವನ ಮನೆ ಖಾಲಿ ಮಾಡಿದೆವು. ಮಧ್ಯಾಹ್ನದಿಂದ ಕಟ್ಟಿ ಕಟ್ಟಿ ಸಾಕಾಯ್ತು. ಐದಕ್ಕೆ ಸಾಮಾನಿನ ಜೊತೆ ಇವರು ಟೆಂಪೋದಲ್ಲಿ ಹೊರಟರು. ಸೊಣ್ಣಮ್ಮನಿಗೆ ಬೀಗದ ಕೈ ಕೊಟ್ಟು ಬರ್ತೀನಿ ಅಂತ ನಾನು, ಶಾನು ಉಳಿದೆವು.

ನಾಯಿಯನ್ನು ಕರೆದುಕೊಂಡು ಹೋಗಲೋ ಬೇಡವೋ ಅಂತ ಮೂರು ದಿನ ಯೋಚಿಸಿದ್ದೆ. ಆ ಮನೆ ಬಿಟ್ಟು ಬರೋದಿಲ್ಲ ಅಂತ ಹಟ ಮಾಡಿದರೆ? ಅದು ಒಳಗೆ ಹೋಗಿ ಒಂದೊಂದೇ ಕೋಣೆ ಮೂಸಿತು. ಬಚ್ಚಲು, ಬಾಲ್ಕನಿ, ಮಂಚ ಇದ್ದ ಜಾಗ. ಅವನು ಮೈಕ್ ಇಟ್ಟುಕೊಂಡು ಅಭ್ಯಾಸ ಮಾಡ್ತಿದ್ದ ಮೂಲೆಯಲ್ಲಿ ತುಂಬಾ ಹೊತ್ತು ನಿಂತಿತು. ಆಮೇಲೆ ಬಂದು ಅಡುಗೆಮನೆ ಹೊಸ್ತಿಲಲ್ಲಿ ಮಲಗಿತು.

ನಾನೂ ಅಲ್ಲೇ ನೆಲದ ಮೇಲೆ ಕೂತೆ. ಖಾಲಿ ಮನೆಯಲ್ಲಿ ಉಸಿರಾಡಿದರೂ ಯಾರೋ ಉಸಿರಾಡಿದ ಹಾಗೆ ಕೇಳಿಸುತ್ತೆ. ಕತ್ತಲಾಗ್ತಾ ಬಂತು. ಇಬ್ಬರೂ ಬಾಗಿಲ ಕಡೆಯೇ ನೋಡ್ತಾ ಕೂತಿದ್ದೆವು. ಬರ್ತಾನೆ ಅಂತ ಅಲ್ಲ. ಬಂದರೆ ಇರೋಣ ಅಂತ. ಮೆಟ್ಟಿಲ ಮೇಲೆ ಯಾರೋ ಹತ್ತಿದ ಸದ್ದಾಯ್ತು. ಅದರ ಕಿವಿ ಎದ್ದಿತು. ಸದ್ದು ಮೇಲಿನ ಮಹಡಿಗೆ ಹೋಯ್ತು.

ನನಗೆ ಏಳೋಕೆ ಮನಸ್ಸಿರಲಿಲ್ಲ. ಎದ್ದದ್ದು ಶಾನು. ಮೈ ಕೊಡವಿ, ಬಂದು ನನ್ನ ಮಣಿಕಟ್ಟನ್ನು ಮೂತಿಯಿಂದ ತಳ್ಳಿತು. ನಾನು ಏಳಲಿಲ್ಲ. ಚೈನು ಕಚ್ಚಿಕೊಂಡು ಬಂದು ತೊಡೆ ಮೇಲೆ ಹಾಕಿತು.

ಬೀಗ ಹಾಕಿ, ಬೀಗದ ಕೈ ಕೊಟ್ಟು, ರಸ್ತೆಗೆ ಬಂದೆವು. ಅದು ಮುಂದೆ, ನಾನು ಹಿಂದೆ. ಕ್ರಾಸಿನ ದರ್ಶಿನಿ ಮುಂದೆ ಬಂದದ್ದೇ ಗಕ್ಕನೆ ನಿಂತು ಕೂತುಬಿಟ್ಟಿತು. ಒಳಗಿಂದ ಬಿಸಿ ಇಡ್ಲಿ ವಾಸನೆ ಬರ್ತಿತ್ತು. ಗಡಿಯಾರ ನೋಡಿದರೆ ಅದರ ಊಟದ ಹೊತ್ತು ಮೀರಿತ್ತು.

"ಎಷ್ಟು ಇಡ್ಲಿ ಮೇಡಂ?" ಅಂದ ಕೌಂಟರಿನವನು.

"ನಾಲ್ಕು. ಎರಡಕ್ಕೆ ಚಟ್ನಿ ಬೇಡ."

ಹೊರಗೆ ಕಟ್ಟೆ ಮೇಲೆ ಕೂತೆವು. ಎಷ್ಟು ಗ್ರಾಂ ಆಯ್ತೋ ಗೊತ್ತಿಲ್ಲ. ಹಸಿವಾಗಿತ್ತು. ಅದು ತನ್ನ ಎರಡನ್ನೂ ಮುಗಿಸಿ ನನ್ನ ತಟ್ಟೆ ಕಡೆ ನೋಡಿತು. ಅದರಲ್ಲಿ ಏನೂ ಉಳಿದಿರಲಿಲ್ಲ.